ಕುಡಿಸಿದವರು ಯಾರು

ಮಗು ಬಾಯಿ ತುಂಬ ಹಾಲು ಕುಡಿದರೆ ಯಾವ ತಾಯಿಯಾದರೂ ಅಳುತ್ತಾಳೆಯೇ, ನೀವೇ ಹೇಳಿ. ಇವಳು ಅತ್ತಳು. ಅದೂ ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಳ್ಳುವ ಅಳುವಲ್ಲ. ವಾರ್ಡಿನ ಗಾಜಿನ ಗೋಡೆಯ ಆಚೆ, ಕೈ ತೊಳೆಯುವ ಸಿಂಕಿನ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು, ಆ ಸದ್ದಿನ ಮರೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಒಳಗೆ ಅವಳ ಮೂರು ತಿಂಗಳ ಮಗ, ಹೃದಯದ ಆಪರೇಷನ್ ಆಗಿ ಆರು ದಿನವಾಗಿದ್ದ ಮಗ, ಮೊದಲ ಸಲ ಮೂವತ್ತೈದು ಎಂ.ಎಲ್. ಹಾಲನ್ನು ಬಾಯಲ್ಲೇ ಕುಡಿದಿದ್ದ. ಕುಡಿದದ್ದು ಓರಗಿತ್ತಿಯ ಕೈಯಲ್ಲಿ. ಅಷ್ಟೇ ಸಂಗತಿ.

ಓರಗಿತ್ತಿ ಎಂದರೆ ಗಂಡನ ಅಣ್ಣನ ಹೆಂಡತಿ. ಮನೆಯಲ್ಲಿ ಅವಳು ದೊಡ್ಡವಳು, ಇವಳು ಚಿಕ್ಕವಳು. ಮಗುವನ್ನು ಎಲ್ಲರೂ ಗುಂಡ ಅನ್ನುತ್ತಿದ್ದರು. ಅದು ಅಪ್ಪ ಇಟ್ಟ ಹೆಸರು, ಇನ್ನೂ ಹೊಟ್ಟೆಯಲ್ಲಿದ್ದಾಗಲೇ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ. ಹುಟ್ಟಿದ್ದು ನೋಡಿದರೆ ಕಡ್ಡಿ. ಹೃದಯದಲ್ಲೊಂದು ತೂತು. ನಾಲ್ಕು ಗುಟುಕು ಕುಡಿಯುವುದರೊಳಗೆ ಹಣೆಯೆಲ್ಲ ಬೆವತು ನಿದ್ದೆಹೋಗುತ್ತಿದ್ದ. ಆದರೂ ಆ ನಾಲ್ಕು ಗುಟುಕು ಅಮ್ಮನ ಎದೆಯದ್ದೇ ಆಗಿರುತ್ತಿತ್ತು, ಅದರಲ್ಲಿ ಬೇರೆಯವರಿಗೆ ಪಾಲು ಇರಲಿಲ್ಲ.

ಆಪರೇಷನ್ ಚೆನ್ನಾಗೇ ಆಯಿತು. ತೂತು ಮುಚ್ಚಿತು. ನಾಲ್ಕನೆಯ ದಿನ ಮಗುವಿನ ಪಕ್ಕೆಯಿಂದ ಹೊರಟು ಮಂಚದ ಕೆಳಗಿನ ಡಬ್ಬಿಗೆ ಇಳಿಯುವ ನಳಿಕೆಯಲ್ಲಿ ಬೆಳ್ಳಗೆ ಏನೋ ಹರಿಯತೊಡಗಿತು. ಅದನ್ನು ಮೊದಲು ಕಂಡವಳು ಚಿಕ್ಕವಳೇ. “ಹಾಲು ಇಳೀತಿದೆ ಸಿಸ್ಟರ್!” ಎಂದು ಕೂಗಿದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವ ಗಾದೆ ಅವಳಿಗೆ ಗೊತ್ತಿತ್ತು. ಆದರೆ ಇದು ಹೆಚ್ಚು ಕಡಿಮೆ ಹಾಲೇ ಆಗಿತ್ತು.

ದೊಡ್ಡ ಡಾಕ್ಟರು ಬಂದು ಬಿಡಿಸಿ ಹೇಳಿದರು. “ನಾವು ತಿಂದ ಜಿಡ್ಡನ್ನ ರಕ್ತಕ್ಕೆ ಸಾಗಿಸೋಕೆ ಎದೆಯೊಳಗೆ ಒಂದು ಸಣ್ಣ ಕಾಲುವೆ ಇರುತ್ತೆ. ಮಕ್ಕಳಲ್ಲಿ ಅದು ಕಣ್ಣಿಗೇ ಕಾಣಲ್ಲ, ಅಷ್ಟು ತೆಳು. ಆಪರೇಷನ್ ಹೊತ್ತಲ್ಲಿ ಅದಕ್ಕೆ ಪೆಟ್ಟಾಗಿದೆ. ಈಗ ಜಿಡ್ಡಿರೋ ಹಾಲು ಒಳಗೆ ಹೋದ್ರೆ ಸೋರಿ ಎದೇಲಿ ತುಂಬ್ಕೊಳುತ್ತೆ, ಮಗುಗೆ ಉಸಿರಾಡೋಕೆ ಕಷ್ಟ. ಕಾಲುವೆ ತಾನಾಗೇ ಮಾಯೋವರೆಗೂ ತಾಯಿ ಹಾಲು ಬೇಡ. ಆರು ವಾರ.”

“ನನ್ನ ಹಾಲು ಅಷ್ಟು ಕೆಟ್ಟದ್ದಾ ಡಾಕ್ಟ್ರೇ?”

“ಕೆಟ್ಟದ್ದಲ್ಲಮ್ಮ. ತುಂಬ ಒಳ್ಳೇದು. ತೊಂದರೆ ಅದೇ.”

ಆಸ್ಪತ್ರೆಯಲ್ಲಿ ಮಕ್ಕಳ ಊಟ ನೋಡಿಕೊಳ್ಳುವ ಮೇಡಂ ಬೇರೆ ಒಂದು ಪುಡಿ ಹಾಲು ಬರೆದುಕೊಟ್ಟರು. ಅದರ ಕೊಬ್ಬು ಬೇರೆ ದಾರಿಯಲ್ಲಿ ಹೋಗುತ್ತದಂತೆ, ಆ ಕಾಲುವೆಯ ತಂಟೆಗೇ ಹೋಗುವುದಿಲ್ಲವಂತೆ. ಮೂರು ಗಂಟೆಗೊಮ್ಮೆ ಅರವತ್ತು ಎಂ.ಎಲ್., ಒಂದು ಹನಿ ಹೆಚ್ಚಿಲ್ಲ, ಕಡಿಮೆ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಬಾಯಲ್ಲಿ ಎಷ್ಟು ಕುಡಿದರೆ ಅಷ್ಟು, ಉಳಿದದ್ದು ಮೂಗಿನ ನಳಿಕೆಯಲ್ಲಿ. ಹೊಸದಾಗಿ ರಿಪೇರಿಯಾದ ಹೃದಯಕ್ಕೆ ಹಾಲು ಹೀರುವುದೂ ಬೆಟ್ಟ ಹತ್ತುವಷ್ಟು ದುಡಿಮೆ. ಅದಕ್ಕೆ ಆ ಲೆಕ್ಕ.

ಚಿಕ್ಕವಳು ಬಾಟಲಿ ಹಿಡಿದು ಕೂತಳು. ಗುಂಡ ಬಾಟಲಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವಳ ರವಿಕೆಗೆ ಮೂಗು ಉಜ್ಜಿದ, ಬಾಯಿ ಅಗಲಿಸಿ ಹುಡುಕಿದ, ಸಿಗದೆ ಚೀರಿದ, ಚೀರಿ ನೀಲಿಗಟ್ಟಿದ. ವಾರ್ಡಿನ ಹಿರಿಯ ನರ್ಸು ಮಗುವನ್ನು ಎತ್ತಿಕೊಂಡುಬಿಟ್ಟಳು. ಆಕೆಗೆ ಗಡಿಯಾರದ ಸಿಸ್ಟರ್ ಎಂದು ಹೆಸರು ಬಿದ್ದಿತ್ತು, ಮೂರು ಗಂಟೆ ಎಂದರೆ ಮೂರೇ ಗಂಟೆ. “ನಿಮ್ಮ ವಾಸನೆ ಬಂದ್ರೆ ಇವನು ಬಾಟ್ಲಿ ಮುಟ್ಟಲ್ಲಮ್ಮ. ಬೇರೆ ಯಾರಾದ್ರೂ ಕುಡಿಸಲಿ. ಕುಡಿಸೋ ಹೊತ್ತಲ್ಲಿ ನೀವು ಗಾಜಿನ ಆಚೆ ಇರಿ.”

ಗಂಡ ಕೂತ. ಬಾಟಲಿಯನ್ನು ಎಷ್ಟು ವಾರೆ ಹಿಡಿದನೆಂದರೆ ಹಾಲು ಮಗುವಿನ ಕಿವಿಗೆ ಹೋಯಿತು. ಅತ್ತೆಗೆ ಕಣ್ಣಿಗೆ ಪೊರೆ. ಆಮೇಲೆ ದೊಡ್ಡವಳು ಬಂದಳು. ತನ್ನ ಹೊಲಿಗೆ ಅಂಗಡಿಗೆ ಬೀಗ ಜಡಿದು, ಎರಡು ಮಕ್ಕಳನ್ನು ಗಂಡನಿಗೆ ಒಪ್ಪಿಸಿ, ಎ.ಸಿ. ಚಳಿಗೆಂದು ಒಂದು ಕಂದು ಸ್ವೆಟರು ತೊಟ್ಟುಕೊಂಡು ಬಂದಳು. ಮೊಣಕೈವರೆಗೂ ಕೈ ತೊಳೆದಳು. ಮಗುವನ್ನು ಮಗ್ಗುಲಾಗಿ ಮಲಗಿಸಿಕೊಂಡು, ತಲೆ ಸ್ವಲ್ಪ ಮೇಲೆ ಮಾಡಿ, ಬಾಟಲಿಯನ್ನು ಅಡ್ಡ ಹಿಡಿದು, ಮೂರು ಗುಟುಕಿಗೊಮ್ಮೆ ನಿಲ್ಲಿಸಿ ಉಸಿರಾಡಲು ಬಿಟ್ಟು, ಮೂವತ್ತೈದು ಕುಡಿಸಿದಳು. ಸಿಸ್ಟರ್ ಚಪ್ಪಾಳೆ ತಟ್ಟಿದಳು. ಪಕ್ಕದ ಮಂಚದವರು ತಟ್ಟಿದರು. ಗಂಡ, ಕಟ್ಟಿಕೊಂಡ ಗಂಡ, ಅವನೂ ತಟ್ಟಿದ.

“ದೊಡ್ಡವಳ ಕೈಗುಣ,” ಎಂದರು ಅತ್ತೆ.

ಕೈಗುಣ! ಮದುವೆಯಾದ ದಿನದಿಂದ ಆ ಮಾತು ಕೇಳಿ ಕೇಳಿ ಚಿಕ್ಕವಳ ಕಿವಿ ತೂತಾಗಿತ್ತು. ದೊಡ್ಡವಳು ನೆಟ್ಟ ಗಿಡ ಹೂ ಬಿಡುತ್ತದೆ, ಕೈಗುಣ. ಅವಳು ಹೊಲಿದ ರವಿಕೆ ಯಾರಿಗೆ ಹಾಕಿದರೂ ಒಪ್ಪುತ್ತದೆ, ಕೈಗುಣ. ಹಾಗಾದರೆ ಇವಳದ್ದೇನು ಕೈಯೋ, ಹಾರೆಯೋ?

ಮಂಚದ ತಲೆಗೆ ಒಂದು ಚಾರ್ಟು ತೂಗುತ್ತಿತ್ತು. ಹೊತ್ತು, ಬಾಯಲ್ಲಿ ಎಷ್ಟು, ನಳಿಕೆಯಲ್ಲಿ ಎಷ್ಟು, ಕೊನೆಯಲ್ಲಿ ‘ಕುಡಿಸಿದವರು’. ಆ ಕೊನೆಯ ಸಾಲಿನಲ್ಲಿ ಮೇಲಿನಿಂದ ಕೆಳಗಿನವರೆಗೂ ದೊಡ್ಡಮ್ಮ, ದೊಡ್ಡಮ್ಮ, ದೊಡ್ಡಮ್ಮ. ಬೇರೆ ಮಂಚಗಳ ಚಾರ್ಟಿನಲ್ಲೆಲ್ಲ ಅಮ್ಮ ಅಂತಿತ್ತು. ಚಿಕ್ಕವಳು ಐದೂ ಮಂಚಕ್ಕೆ ಹೋಗಿ ನೋಡಿ ಬಂದಿದ್ದಳು. ಹೊಟ್ಟೆಕಿಚ್ಚು ಎಂಥ ಕೆಲಸ ಮಾಡಿಸುತ್ತದೆ ನೋಡಿ.

ಅವಳ ಪಾಲಿಗೆ ಉಳಿದದ್ದು ಪರದೆ ಎಳೆದ ಒಂದು ಮೂಲೆ, ಒಂದು ಕುರ್ಚಿ, ಗುರುಗುಟ್ಟುವ ಒಂದು ಮೆಷಿನ್ನು. ಮೂರು ಗಂಟೆಗೊಮ್ಮೆ ಹಾಲು ಹಿಂಡಿ, ಬಾಟಲಿಗೆ ಚೀಟಿ ಅಂಟಿಸಿ, ಫ್ರೀಜರಿನಲ್ಲಿಟ್ಟು ಬರಬೇಕು. ಆರು ವಾರದ ಮೇಲೆ ಬತ್ತಿಹೋಗಿರಬಾರದಲ್ಲ. ಎಂಬತ್ತು, ತೊಂಬತ್ತು, ಒಂದು ಸಲ ನೂರಹತ್ತು. ಅದನ್ನು ನೋಡಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಾಟಲಿಯ ಮೇಲೆ ತೇಲುವ ಕೆನೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಇಷ್ಟು ಚೆಂದದ ಕೆನೆ ವಿಷವಂತೆ, ಡಬ್ಬಿಯ ಪುಡಿ ಅಮೃತವಂತೆ. ಒಂದೊಂದು ಸಲ ಅವಳಿಗೆ ದೊಡ್ಡವಳಿಗಿಂತ ಆ ಪುಡಿ ಡಬ್ಬಿಯ ಮೇಲೇ ಹೆಚ್ಚು ಸಿಟ್ಟು ಬರುತ್ತಿತ್ತು.

ದಿನ ಕಳೆದ ಹಾಗೆ ಮೂವತ್ತೈದು ನಲವತ್ತಾಯಿತು, ಐವತ್ತಾಯಿತು. ಎದೆ ನಳಿಕೆಯ ಬಿಳಿ ನೀರು ತಿಳಿಯಾಗಿ ಹಳದಿಗೆ ತಿರುಗಿತು, ಕಡಿಮೆಯಾಯಿತು. ಹದಿನಾರನೆಯ ದಿನ ಬೆಳಿಗ್ಗೆ ದೊಡ್ಡ ಡಾಕ್ಟರು ಡಬ್ಬಿಯನ್ನು ಎತ್ತಿ ನೋಡಿ, “ಇನ್ನೆರಡು ದಿನ ಹೀಗೇ ಇದ್ರೆ ಎದೆ ನಳಿಕೆ ತೆಗೆದುಬಿಡೋಣ. ಆಮೇಲೆ ಮನೆ,” ಎಂದರು. ಆ ಹೊತ್ತಿಗೆ ಗುಂಡ ದೊಡ್ಡವಳ ಸ್ವೆಟರಿನ ಗುಂಡಿ ನೋಡುತ್ತಿದ್ದವನು ತಲೆಯೆತ್ತಿ, ಬೊಚ್ಚು ಬಾಯಿ ಬಿಟ್ಟು ನಕ್ಕ. ಆಪರೇಷನ್ ಆದಮೇಲೆ ಮೊದಲ ನಗು. ನಕ್ಕಿದ್ದು ದೊಡ್ಡವಳ ಮುಖ ನೋಡಿ.

ಅತ್ತೆ ಕಣ್ಣು ತುಂಬಿಕೊಂಡು ದೊಡ್ಡವಳ ಕೈ ಹಿಡಿದರು. “ಹೆತ್ತವಳು ಅವಳಾದ್ರೂ ಬದುಕಿಸಿದವಳು ನೀನೇ ಕಣಮ್ಮ.”

“ಸುಮ್ನಿರಿ ಅತ್ತೆ, ನಾನೇನು ಮಾಡಿದೆ,” ಎಂದಳು ದೊಡ್ಡವಳು. ಹಾಗೆ ಅಂದದ್ದು ಇನ್ನೂ ಉರಿಸಿತು. ಜಂಬ ಪಟ್ಟಿದ್ದರೆ ಬೈಯಬಹುದಿತ್ತಲ್ಲ.

ಮಧ್ಯಾಹ್ನ ಒಂದೂವರೆಗೆ ದೊಡ್ಡವಳು ಊಟಕ್ಕೆ ಹೋದಳು. ಸಿಸ್ಟರುಗಳು ಪಾಳಿ ಬದಲಾಯಿಸುವ ಹೊತ್ತು, ಎಲ್ಲರೂ ಮೇಜಿನ ಸುತ್ತ. ಚಿಕ್ಕವಳು ಮಂಚದ ಪರದೆ ಎಳೆದಳು. ಮಗುವನ್ನು ನಳಿಕೆ ಎಳೆಯದ ಹಾಗೆ ಹುಷಾರಾಗಿ ಎತ್ತಿಕೊಂಡಳು. ಬರೀ ಎತ್ತಿಕೊಳ್ಳುವುದಕ್ಕೆ ಅಂತಲೇ ಎತ್ತಿಕೊಂಡದ್ದು, ಅದು ನಿಜ. ಆದರೆ ಗುಂಡ ಮೂಗು ಉಜ್ಜಿದ. ಅವಳ ಎದೆ ಜುಮ್ಮೆಂದು ತಾನಾಗೇ ಸೋರತೊಡಗಿತು. ನೀರು ತಿಳಿಯಾಗಿದೆ, ಕಾಲುವೆ ಮಾಯ್ದಿದೆ, ಡಾಕ್ಟರೇ ಮನೆ ಅಂದರು, ಒಂದೇ ಒಂದು ಸಲಕ್ಕೆ ಏನಾಗುತ್ತದೆ? ಅವಳು ರವಿಕೆ ಸಡಿಲಿಸಿದಳು.

ಏಳು ನಿಮಿಷ. ಗುಂಡ ಮರೆತಿರಲಿಲ್ಲ. ಒಂದು ಕೈಯಿಂದ ಅವಳ ಬೆರಳು ಹಿಡಿದುಕೊಂಡು, ಕಣ್ಣು ಅರೆ ಮುಚ್ಚಿ, ನಿಧಾನಕ್ಕೆ, ಗುಟುಕ್ ಗುಟುಕ್ ಸದ್ದಿನೊಂದಿಗೆ ಕುಡಿದ. ಚಿಕ್ಕವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಆಮೇಲೆ ಬಾಯಿ ಒರೆಸಿ ಮಲಗಿಸಿದಳು, ಪರದೆ ಸರಿಸಿದಳು, ಹೊರಗೆ ಬಂದು ಸಿಂಕಿನಲ್ಲಿ ಮುಖ ತೊಳೆದುಕೊಂಡಳು.

ಮೂರು ಗಂಟೆಗೆ ದೊಡ್ಡವಳು ಬಾಟಲಿ ಹಿಡಿದು ಕೂತಾಗ ಗುಂಡ ಮುಖ ತಿರುಗಿಸಿದ. ಮತ್ತೆ ಹಿಡಿದಳು, ಮತ್ತೆ ತಿರುಗಿಸಿದ. ಇಪ್ಪತ್ತು ನಿಮಿಷ ಒದ್ದಾಡಿ ಹತ್ತು ಎಂ.ಎಲ್. ಹೋಯಿತು, ಮಿಕ್ಕಿದ್ದೆಲ್ಲ ಮೂಗಿನ ನಳಿಕೆಗೆ. “ಯಾಕೋ ಕಂದ, ದೊಡ್ಡಮ್ಮನ ಮೇಲೆ ಕೋಪಾನಾ?” ಎಂದು ದೊಡ್ಡವಳು ಪೆಚ್ಚಾಗಿ ನಕ್ಕಳು. ಗಾಜಿನಾಚೆ ನಿಂತಿದ್ದ ಚಿಕ್ಕವಳಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಎಲ್ಲಿ ಹೋಯಿತು ಕೈಗುಣ? ಆಗಲಿ, ಹಾಗೇ ಆಗಬೇಕು.

ಆರು ಗಂಟೆಗೆ ಗಡಿಯಾರದ ಸಿಸ್ಟರ್ ಡಬ್ಬಿ ನೋಡಲು ಬಗ್ಗಿದವಳು ಬಗ್ಗಿದ ಹಾಗೇ ನಿಂತಳು. ನಳಿಕೆಯ ಉದ್ದಕ್ಕೂ ಬೆಳ್ಳಗೆ. ನಾಲ್ಕನೆಯ ದಿನಕ್ಕಿಂತ ದಟ್ಟವಾಗಿ, ಕೆನೆಗಟ್ಟಿದ ಹಾಗೆ. ಚಿಕ್ಕವಳು ಗಾಜಿನಾಚೆಯಿಂದಲೇ ಕಂಡಳು. ತನ್ನ ಹಾಲು ತನಗೆ ಗುರುತು ಸಿಗುವುದಿಲ್ಲವೇ?

ದೊಡ್ಡ ಡಾಕ್ಟರು ಬಂದರು. ಗಂಡ, ಅತ್ತೆ, ದೊಡ್ಡವಳು, ಚಿಕ್ಕವಳು ಮಂಚದ ಸುತ್ತ ನಿಂತರು. ಡಾಕ್ಟರು ದೊಡ್ಡವಳನ್ನೇ ಕೇಳಿದರು, ಬಾಟಲಿ ತರುವವಳು ಅವಳೇ ತಾನೇ. “ಇವತ್ತು ಬೇರೆ ಬಾಟ್ಲಿ ಏನಾದ್ರೂ ಬಂತಾ? ಹಾಲು ಬಿಸಿ ಮಾಡೋ ಕಡೆ ಎರಡು ಟ್ರೇ ಇರುತ್ತೆ. ಹಳದಿ ಪಟ್ಟಿ ನಿಮ್ಮದು, ನೀಲಿ ಪಟ್ಟಿ ಮಾಮೂಲಿ ಹಾಲು.”

ದೊಡ್ಡವಳ ಮುಖ ಸುಣ್ಣದ ಹಾಗೆ ಬಿಳಿಚಿತು. “ನಾನು... ಹಳದೀನೇ ತಂದೆ ಅನ್ಸುತ್ತೆ. ಕನ್ನಡಕ ಹಾಕಿರ್ಲಿಲ್ಲ ಡಾಕ್ಟ್ರೇ. ಅಯ್ಯೋ, ಮೂರು ಗಂಟೇದು ಅವನು ಬೇಡ ಬೇಡ ಅಂದ. ಬೇರೆ ಹಾಲು ಅಂತಲೇ ಬೇಡ ಅಂದನೇನೋ!”

“ನಿನ್ನನ್ನ ನಂಬಿ ಕೂತಿದ್ವಲ್ಲೇ,” ಎಂದರು ಅತ್ತೆ.

ಚಿಕ್ಕವಳು ಬಾಯಿ ಬಿಡಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರೆ, ಆದರೆ ಅವಳ ಮನಸ್ಸು ಆ ಗಳಿಗೆಯಲ್ಲಿ ಹುಳ್ಳಗೂ ಇರಲಿಲ್ಲ, ಕಹಿಯಾಗಿಯೂ ಇರಲಿಲ್ಲ. ನಾಚಿಕೆ ಬಿಟ್ಟು ಹೇಳಬೇಕೆಂದರೆ, ಸಿಹಿಯಾಗಿತ್ತು. ಹತ್ತು ವರ್ಷದಲ್ಲಿ ಮೊದಲ ಸಲ ಅತ್ತೆ ದೊಡ್ಡವಳನ್ನು ಆ ದನಿಯಲ್ಲಿ ಮಾತಾಡಿಸಿದ್ದರು. ಆ ಸಿಹಿ ಎಷ್ಟು ಹೊತ್ತು ಇತ್ತೆಂದರೆ, ಸಿಸ್ಟರ್ ಹೋಗಿ ಖಾಲಿ ಬಾಟಲಿ ಎಸೆಯುವ ಕಸದ ತೊಟ್ಟಿ ಹುಡುಕಿ ಬರುವಷ್ಟು ಹೊತ್ತು.

ಸಿಸ್ಟರ್ ಖಾಲಿ ಬಾಟಲಿ ಹಿಡಿದು ಬಂದಳು. ಹಳದಿ ಪಟ್ಟಿ, ಅದೇ ಮಂಚದ ನಂಬರು. “ಸರಿಯಾದ ಹಾಲೇ ಕೊಟ್ಟಿದಾರೆ ಸರ್.”

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. “ಹಾಗಾದ್ರೆ ಕಷ್ಟ. ಬೇರೆ ಹಾಲು ಹೋಗಿದ್ರೆ ಕಾದು ನೋಡಬಹುದಿತ್ತು. ಸರಿಯಾದ ಹಾಲಿಗೂ ಇಷ್ಟು ಸೋರುತ್ತೆ ಅಂದ್ರೆ ಕಾಲುವೆ ಹರಿದಿದೆ ಅಂತ. ನಾಳೆ ಬೆಳಿಗ್ಗೆ ಮತ್ತೆ ಎದೆ ತೆರೆದು ಕಟ್ಟಬೇಕಾಗುತ್ತೆ.”

“ಇಲ್ಲ ಡಾಕ್ಟ್ರೇ!” ದೊಡ್ಡವಳು ಮುಂದೆ ಬಂದು ಬಾಟಲಿಯನ್ನು ಸಿಸ್ಟರ್ ಕೈಯಿಂದ ಕಿತ್ತುಕೊಂಡಳು. “ಇದಲ್ಲ, ಇದು ಬೆಳಗಿನದು ಇರಬೇಕು. ನಾನೇ ಬದಲಾಯಿಸಿಬಿಟ್ಟಿದೀನಿ. ನೀಲೀನೇ ತಂದೆ, ಈಗ ನೆನಪಾಯ್ತು. ಇನ್ನೊಂದ್ಸಲ ತೊಟ್ಟಿ ನೋಡಿ ಸಿಸ್ಟರ್, ನಿಮ್ಮ ದಮ್ಮಯ್ಯ. ತಪ್ಪು ನಂದೇ. ಅವನನ್ನ ಮತ್ತೆ ಕೊಯ್ಬೇಡಿ.”

ನೋಡಿ, ತಪ್ಪು ಮಾಡದವಳು ತಪ್ಪು ನನ್ನದೇ ಎಂದು ಅಂಗಲಾಚುತ್ತಿದ್ದಳು. ತಪ್ಪು ಅವಳದ್ದಾದರೆ ಮಗು ಉಳಿಯುತ್ತಿತ್ತು, ಅದಕ್ಕೆ. ಮಾಡಿದವಳು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಳು. ಚಿಕ್ಕವಳು ಮಂಚದ ಕಡೆ ನೋಡಿದಳು. ಗುಂಡನ ಎದೆಯ ನಡುವೆ ಹೊಲಿಗೆಯ ಗೆರೆ ಇನ್ನೂ ಕೆಂಪಗಿತ್ತು.

“ನಾನು ಕುಡಿಸಿದೆ,” ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಮತ್ತೆ ಹೇಳಿದಳು. “ನಾನು ಎದೆ ಹಾಲು ಕುಡಿಸಿದೆ. ಅಕ್ಕ ಊಟಕ್ಕೆ ಹೋಗಿದ್ದಾಗ. ಪರದೆ ಎಳ್ಕೊಂಡು.”

“ಅಯ್ಯೋ ನಿನ್ನ!” ಅತ್ತೆ ಬಾಯಿ ಮುಚ್ಚಿಕೊಂಡರು. ಗಂಡ ನೆಲ ನೋಡಿದ. ಡಾಕ್ಟರು ಮಾತ್ರ ಅವಳ ಹತ್ತಿರ ಬಂದು ಕೇಳಿದರು, “ಎಷ್ಟು ನಿಮಿಷ?”

“ಏಳು.”

“ಒಂದೇ ಸಲಾನಾ? ಹಿಂದೆ ಯಾವತ್ತಾದ್ರೂ?”

“ಇಲ್ಲ. ಇವತ್ತೇ. ನನ್ನ ಮಗನ ಆಣೆ.”

“ಆಣೆ ಬೇಡ. ನಿಜ ಹೇಳಿ, ಸಾಕು.” ಅವರು ಉಸಿರು ಬಿಟ್ಟರು. ಅದರಲ್ಲಿ ಸಿಟ್ಟೂ ಇತ್ತು, ನೆಮ್ಮದಿಯೂ ಇತ್ತು. “ಹೇಳದೇ ಇದ್ದಿದ್ರೆ ನಾಳೆ ಕೊಯ್ದುಬಿಡ್ತಿದ್ದೆನಲ್ಲಮ್ಮ, ಬೇಡದ ಆಪರೇಷನ್ನು. ಈಗ ಐದು ದಿನ ಕಾಯೋಣ. ಅದೇ ಪುಡಿ ಹಾಲು. ತಿಳಿಯಾದ್ರೆ ಕತ್ತಿ ಮುಟ್ಟಲ್ಲ.”

ಎಲ್ಲರೂ ಹೋದ ಮೇಲೆ ಸಿಂಕಿನ ಹತ್ತಿರ ದೊಡ್ಡವಳು ಅವಳ ರಟ್ಟೆ ಹಿಡಿದು ನಿಲ್ಲಿಸಿದಳು. “ನನ್ನ ಕೈಯಾರೆ ಮಗುವನ್ನ ಕೊಂದೆ ಅಂದ್ಕೊಂಡೆ ಕಣೇ. ನೀನು ಅಲ್ಲೇ ನಿಂತಿದ್ದೆ. ನೋಡ್ತಾ ಇದ್ದೆ.”

“ನೋಡ್ತಾ ಇದ್ದೆ ಅಕ್ಕ.”

“ಯಾಕೆ?”

“ಹೊಟ್ಟೆಕಿಚ್ಚು.” ಆಮೇಲೆ ತಡೆಯಲಾಗಲಿಲ್ಲ. “ನೀವು ಮುಟ್ಟಿದ್ರೆ ಕುಡೀತಾನೆ. ನಿಮ್ಮನ್ನ ನೋಡಿ ನಗ್ತಾನೆ. ಎಲ್ಲಾ ನಿಮಗೇ. ಅವನೊಬ್ಬ ನನಗೆ ಇರಲಿ ಅಂತಿದ್ದೆ. ಅವನೂ ನಿಮಗೇ ಆಗ್ಹೋದ.”

ದೊಡ್ಡವಳು ಹೊಡೆಯುತ್ತಾಳೆ ಎಂದೇ ಅಂದುಕೊಂಡಳು ಚಿಕ್ಕವಳು. ಹೊಡೆದಿದ್ದರೂ ತಪ್ಪಿರಲಿಲ್ಲ. ದೊಡ್ಡವಳು ಸುಮ್ಮನೆ ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದಳು, ಕೊಳೆಯಿಲ್ಲದ ಕೈ. ಬೆನ್ನು ಮಾಡಿಕೊಂಡೇ ಕೇಳಿದಳು.

“ಏಳು ನಿಮಿಷದಲ್ಲಿ ಬೆವತನಾ?”

“ಇಲ್ಲ.”

“ಹಣೆ?”

“ಒಂದು ಹನಿ ಇಲ್ಲ ಅಕ್ಕ.”

“ನನ್ನ ಹತ್ರ ತಲೆಯೆಲ್ಲ ಒದ್ದೆ ಮಾಡ್ಕೊಳ್ತಾನೆ,” ಎಂದಳು ದೊಡ್ಡವಳು. ನಲ್ಲಿ ನಿಲ್ಲಿಸದೆ ಹೊರಟುಹೋದಳು.

ಐದು ದಿನ ಇಬ್ಬರೂ ಬೇಕಾದಷ್ಟೇ ಮಾತಾಡಿದರು. ಗುಂಡ ಎರಡು ದಿನ ಬಾಟಲಿಯ ಮೇಲೆ ಮುನಿಸಿಕೊಂಡಿದ್ದು ಮತ್ತೆ ದಾರಿಗೆ ಬಂದ. ಬಿಳಿ ಹೋಗಿ ಹಳದಿ ಬಂತು, ಹಳದಿಯೂ ಕಡಿಮೆಯಾಯಿತು. ಆರನೆಯ ದಿನ ಎದೆಯ ನಳಿಕೆ ತೆಗೆದರು. ಆ ರಂಧ್ರದ ಮೇಲೆ ಒಂದು ಸಣ್ಣ ಪಟ್ಟಿ, ಅಷ್ಟೇ. ಚಿಕ್ಕವಳು ಆ ಪಟ್ಟಿಯನ್ನು ನೋಡಿ ಮತ್ತೊಮ್ಮೆ ಅತ್ತಳು. ಈ ಸಲ ನಲ್ಲಿ ಬಿಡಲಿಲ್ಲ.

ಈಗ ಹೊಸ ಪೇಚಾಟ. ಪುಡಿ ಹಾಲು ಇನ್ನೂ ಮೂರೂವರೆ ವಾರ ನಡೆಯಬೇಕು. ದೊಡ್ಡವಳ ಮಕ್ಕಳಿಗೆ ಪರೀಕ್ಷೆ, ಅವಳು ನಾಳೆ ತನ್ನ ಊರಿಗೆ ಹೊರಡಲೇಬೇಕು. “ಮನೇಲಿ ಕುಡಿಸೋರು ಯಾರು? ಅಮ್ಮನ ಕೈಯಲ್ಲಿ ಬಾಟ್ಲಿ ಕುಡಿದು ತೋರಿಸಿದ್ರೆ ಮಾತ್ರ ಡಿಸ್ಚಾರ್ಜು,” ಎಂದಳು ಗಡಿಯಾರದ ಸಿಸ್ಟರ್. ಚಿಕ್ಕವಳು ಒಂಬತ್ತು ಗಂಟೆಗೆ ಕೂತಳು. ಗುಂಡ ರವಿಕೆಗೆ ಮೂಗು ಉಜ್ಜಿ ಚೀರಿದ. ಹನ್ನೆರಡಕ್ಕೂ ಅದೇ ಹಾಡು. ಚಿಕ್ಕವಳು ಬಾಟಲಿ ಕೆಳಗಿಟ್ಟು ಕೈಚೆಲ್ಲಿ ಕೂತಳು.

ಮೂರು ಗಂಟೆಗೆ ದೊಡ್ಡವಳು ಬಂದು ತನ್ನ ಕಂದು ಸ್ವೆಟರು ಬಿಚ್ಚಿ ಅವಳ ಮಡಿಲಿಗೆ ಹಾಕಿದಳು.

“ಏನಕ್ಕ ಇದು?”

“ಹಾಕ್ಕೋ. ಕುತ್ತಿಗೆವರೆಗೂ ಗುಂಡಿ ಹಾಕು. ಒಳಗೆ ನೀನಿರೋದು ಅವನಿಗೆ ಗೊತ್ತಾಗಬಾರದು.”

ಸ್ವೆಟರು ಇವಳಿಗೆ ದೊಡ್ಡದು, ತೋಳು ಬೆರಳವರೆಗೂ ಇಳಿಯಿತು. ಅದರ ತುಂಬ ದೊಡ್ಡವಳ ವಾಸನೆ, ಹೊಲಿಗೆ ಮೆಷಿನ್ನಿನ ಎಣ್ಣೆ, ಗುರುತು ಹಾಕುವ ಸೀಮೆಸುಣ್ಣ, ಅವಳ ಸೋಪು. ಇಷ್ಟು ದಿನ ಯಾವ ವಾಸನೆಯನ್ನು ಕಂಡರೆ ಮೈ ಉರಿಯುತ್ತಿತ್ತೋ ಅದನ್ನೇ ಕುತ್ತಿಗೆವರೆಗೂ ಗುಂಡಿ ಹಾಕಿಕೊಂಡು ಕೂತಳು. ದೊಡ್ಡವಳು ಅವಳ ಮೊಣಕೈ ಸರಿಮಾಡಿದಳು. “ಮಗ್ಗುಲಾಗಿ. ತಲೆ ಮೇಲೆ. ಮೂರು ಗುಟುಕು, ಆಮೇಲೆ ನಿಲ್ಲಿಸು.” ಹೇಳಿ ಗಾಜಿನಾಚೆ ಹೋದಳು.

ಗುಂಡ ಸ್ವೆಟರಿಗೆ ಮೂಗು ಉಜ್ಜಿದ. ಒಂದು ಗಳಿಗೆ ಯೋಚಿಸಿದ. ಬಾಯಿ ತೆರೆದ. ಮೂರು ಗುಟುಕು, ನಿಲುಗಡೆ. ಮೂರು ಗುಟುಕು, ನಿಲುಗಡೆ. ಹಣೆಯ ಮೇಲೆ ಸಣ್ಣಗೆ ಬೆವರು ಮೂಡಿತು, ಚಿಕ್ಕವಳು ಉದ್ದ ತೋಳಿನ ತುದಿಯಿಂದ ಒರೆಸಿದಳು. ಹದಿನೆಂಟು ನಿಮಿಷಕ್ಕೆ ಬಾಟಲಿ ಖಾಲಿಯಾಯಿತು. ಅರವತ್ತಕ್ಕೆ ಅರವತ್ತು. ತನಗಾಗಿ ಕುಡಿದನೋ ಸ್ವೆಟರಿಗಾಗಿ ಕುಡಿದನೋ, ಯಾರನ್ನು ಕೇಳುವುದು? ಖುಷಿಯೂ ಆಯಿತು, ಆ ಹಳೆಯ ಕಿಚ್ಚೂ ಒಂದು ಸಲ ಚುರುಕ್ಕೆಂದಿತು.

ಸಿಸ್ಟರ್ ಚಪ್ಪಾಳೆ ತಟ್ಟಿ ಚಾರ್ಟು ಇಳಿಸಿಕೊಂಡಳು. “ಬಾಯಲ್ಲಿ ಅರವತ್ತು. ನಳಿಕೇಲಿ ಸೊನ್ನೆ. ಕುಡಿಸಿದವರು... ಅಮ್ಮ ಅಂತ ಬರೀಲಾ, ಕೊನೆಗೂ?”

ಚಿಕ್ಕವಳು ತಲೆಯೆತ್ತಿದಳು. ಗಾಜಿನಾಚೆ, ಸಿಂಕಿನ ಪಕ್ಕ, ಸ್ವೆಟರಿಲ್ಲದೆ ಎರಡೂ ತೋಳು ಅಪ್ಪಿಕೊಂಡು ದೊಡ್ಡವಳು ನಿಂತಿದ್ದಳು. ನಗುತ್ತಿದ್ದಳು, ಆದರೆ ತುಟಿ ಮಾತ್ರ. ಕಣ್ಣು ಮಗುವಿನ ಮೇಲೆ ನೆಟ್ಟಿತ್ತು. ಹಿಂದೆ ನಲ್ಲಿ ಜೋರಾಗಿ ಹರಿಯುತ್ತಿತ್ತು.

ಆ ಮುಖ ಚಿಕ್ಕವಳಿಗೆ ಚೆನ್ನಾಗಿ ಗೊತ್ತಿತ್ತು.

“ದೊಡ್ಡಮ್ಮ ಅಂತಲೇ ಬರೀರಿ ಸಿಸ್ಟರ್,” ಎಂದಳು. “ಸ್ವೆಟರು ಅವರದ್ದು.”